ಪತ್ತನಾಜೆಯಿಂದ ದೀಪಾವಳಿಯವರೆಗೆ



ಕಲಾವಿದರ ವೃತ್ತಿ ತರಬೇತಿಯ ಬಗ್ಗೆ ಮಾತಾಡಿ ಎಂದಿದ್ದೀರಿ. ನಾನು ಅದನ್ನು ಮೇಳ ತಿರುಗಿಯೇ ಹೊಟ್ಟೆ ಹೊರೆಯುವ ಯಕ್ಷಗಾನ ಕಲಾವಿದನಿಗೆ, ಅದರಲ್ಲೂ ನಲವತ್ತು ದಾಟಿದವನಿಗೆ ಸೀಮಿತ ಮಾಡಿಕೊಳ್ಳುತ್ತೇನೆ. ಹೊಸಬರ ಚಿಂತೆ ಮಾಡುವವರು ಇದ್ದಾರೆ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಬೆನ್ನಿಗೆ ನಿಂತರು. ಧರ್ಮಸ್ಥಳದಲ್ಲೊಂದು ಕೇಂದ್ರವಾಯಿತು. 1986ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಕಟ್ಟಿದರು. ಈಗಂತೂ ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಗೆಜ್ಜೆ ಕಟ್ಟುತ್ತಾರೆ. ಆದರೆ ಇಪ್ಪತ್ತು ತಿರುಗಾಟ ಮುಗಿಸಿದವನಿಗೆ ಕಲಿಸುವವರು ಯಾರು?

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಡೀ ರಾತ್ರಿಯ ಆಟವೇ ತರಗತಿಯಾಗಿತ್ತು. ತೆಂಕುತಿಟ್ಟಿನ ಪೂರ್ವರಂಗವನ್ನೇ ನೋಡಿ: ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ. ದೇವರಿಗೆ ಸಲ್ಲುವ ಸೇವೆ ಅದು, ಜೊತೆಗೆ ಹುಡುಗರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಏರ್ಪಾಡೂ ಹೌದು. ಕೋಡಂಗಿ ಕುಣಿದ ಹುಡುಗ ಬಣ್ಣ ತೆಗೆದು ಮಲಗುವಂತಿರಲಿಲ್ಲ. ರಂಗಸ್ಥಳದ ಬದಿಯಲ್ಲಿ ಕೂತು ಬೆಳಗಿನ ತನಕ ನೋಡಬೇಕು. ಯಾರಿಗೋ ಜ್ವರ ಬಂದರೆ ನಾಳೆಯ ವೇಷ ಅವನ ತಲೆಗೇ ಬರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಹಾಡಲು ಕೂತ ಸಂಗೀತಗಾರ ವರ್ಷಗಳು ಉರುಳಿದಂತೆ ರಾತ್ರಿಯ ಹಿಂಭಾಗಕ್ಕೆ ಸರಿಯುತ್ತ ಭಾಗವತನಾಗುತ್ತಿದ್ದ.

ಬಣ್ಣ ಹಚ್ಚುವ ಚೌಕಿಯಲ್ಲಿ ಬಣ್ಣದ ವೇಷದವರ ಪಕ್ಕ ಕೂತವರಿಗೆ ಇನ್ನೊಂದು ಪಾಠ. ಅಕ್ಕಿ ಅರೆದು ಸುಣ್ಣ ಬೆರೆಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಮುಳ್ಳಿನಂತೆ ಎಬ್ಬಿಸಿ ಇಡುತ್ತ ಹೋಗುವುದು, ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ಚಿಟ್ಟಿ ಇಡುವುದೆಂದರೆ ಗಂಟೆಗಟ್ಟಲೆಯ ಕೆಲಸ. ಮುಖ ಅಲುಗಿಸುವಂತಿಲ್ಲವಾದರೂ ಕಿವಿ ತೆರೆದೇ ಇರುತ್ತದಲ್ಲ! ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅರ್ಥವನ್ನು ಅವರವರೇ ಕಟ್ಟಿಕೊಳ್ಳಬೇಕು. 'ಈ ಪದ್ಯಕ್ಕೆ ಎಲ್ಲಿಂದ ಎತ್ತಿಕೊಳ್ಳಲಿ ಅಣ್ಣಾ?' ಎಂದು ಕಿರಿಯ ಕೇಳಿದರೆ ಹಾಸ್ಯಗಾರರೋ ಭಾಗವತರೋ ಒಂದು ಎಳೆ ಹಿಡಿಸಿ ಕಳಿಸುತ್ತಿದ್ದರು.

ಆ ವ್ಯವಸ್ಥೆಯನ್ನು ಹೊಗಳುತ್ತ ಕೂರುವವನು ನಾನಲ್ಲ. ಅಲ್ಲಿ ಪೆಟ್ಟಿತ್ತು, ಸಂಬಳ ನೆಪಮಾತ್ರ. ಜಾತಿಯ ಲೆಕ್ಕವಿತ್ತು. ಹೆಣ್ಣುಮಕ್ಕಳಿಗೆ ಚೌಕಿಯ ಬಾಗಿಲೇ ಇರಲಿಲ್ಲ. ಆದರೂ ಅರುವತ್ತರ ವೇಷಧಾರಿಯೂ ಅಲ್ಲಿ ಕಲಿಯುತ್ತಲೇ ಇದ್ದ, ಅದೂ ದುಡಿಮೆ ಬಿಡದೆ.

ಈಗ ಆಟಕ್ಕೆ ಕಾಲಮಿತಿ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ತಡೆ ಹಾಕಿವೆ. ಅದು ಒಂದು ಕಾರಣ. ಬೆಳಗಾದರೆ ಕೆಲಸಕ್ಕೆ ಓಡಬೇಕಾದ ಪ್ರೇಕ್ಷಕ ಇನ್ನೊಂದು. ಕಾಲಮಿತಿ ಬೇಡವೆಂದು ನಾನು ಹೇಳುವುದಿಲ್ಲ. ನಿದ್ದೆ ಕಲಾವಿದನಿಗೂ ಬೇಕು. ಆದರೆ ಕತ್ತರಿ ಮೊದಲು ಬಿದ್ದದ್ದು ಪೂರ್ವರಂಗಕ್ಕೆ. ಆಮೇಲೆ ಪೀಠಿಕೆಯ ಭಾಗಗಳಿಗೆ, ಆಮೇಲೆ ಸಣ್ಣಪುಟ್ಟ ಪಾತ್ರಗಳಿಗೆ. ತರಗತಿ ಮುಚ್ಚಿದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಕುಣಿತವೇ ಮುಖ್ಯವಾದ ಪುಂಡುವೇಷಕ್ಕೆಂದು ಬಂದವನು ಪುಂಡುವೇಷದಲ್ಲೇ ಉಳಿಯುತ್ತಾನೆ. ಜಿಗಿದು ಸುತ್ತುವ ಧೀಂಗಿಣಕ್ಕೆ ಚಪ್ಪಾಳೆ ಬರುವಷ್ಟು ವರ್ಷ ಸರಿ. ಮಂಡಿ ಸೋತ ಮೇಲೆ ರಾಜವೇಷಕ್ಕೆ ದಾಟಲು ಬೇಕಾದ ಮಾತಿನ ಬಂಡವಾಳ ಅವನಲ್ಲಿರುವುದಿಲ್ಲ.

ಮಂಡಿಯ ಮಾತು ಬಂದದ್ದು ಒಳ್ಳೆಯದಾಯಿತು. ಬಡಗುತಿಟ್ಟಿನವರು ಮಂಡಿಯೂರಿ ಗಿರಕಿ ಹೊಡೆಯುವುದನ್ನು ನಾವು ಎಣಿಸುತ್ತ ಕೂರುತ್ತೇವೆ. ಆ ಮಂಡಿಚಿಪ್ಪಿನ ಗತಿ ಏನು ಎಂದು ಕೇಳುವುದಿಲ್ಲ. ಕುಣಿಯುವ ಮುನ್ನ ಮೈ ಬಿಸಿ ಮಾಡಿಕೊಳ್ಳುವುದು ಹೇಗೆ, ಉಳುಕಿದ ಕಾಲನ್ನು ಎಷ್ಟು ದಿನ ಬಿಡಬೇಕು, ಮೈಕಿನ ಮುಂದೆ ಭಾಗವತರು ಗಂಟಲನ್ನು ಎಷ್ಟು ಖರ್ಚು ಮಾಡಬೇಕು — ಇವೆಲ್ಲ ಕಲಿಸಿದರೆ ಬರುವ ವಿದ್ಯೆಗಳು. ಕ್ರಿಕೆಟಿಗನಿಗೆ ಇದನ್ನು ಹೇಳಲು ಸಂಬಳದ ಜನ ಇದ್ದಾರೆ.

ನಡುಹಾದಿಯಲ್ಲಿ ಕಲಿತವರ ಉದಾಹರಣೆ ನಮ್ಮಲ್ಲೇ ಇದೆ. ಶಂಭು ಹೆಗಡೆಯವರ ತಂದೆ ಶಿವರಾಮ ಹೆಗಡೆಯವರು 1934ರಲ್ಲೇ ಇಡಗುಂಜಿ ಮೇಳ ಕಟ್ಟಿದವರು. ಮನೆಯೇ ಮೇಳ. ಬಾಲ್ಯದಲ್ಲೇ ಗೆಜ್ಜೆ ಕಟ್ಟಿದ್ದ ಮಗ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದರು. ಅಲ್ಲಿ ಕಲಿತದ್ದನ್ನು ತಂದು ಇಲ್ಲಿನ ಆಟದ ಮೇಲೆ ಹೇರಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ; ರಂಗಸ್ಥಳದ ಜಾಗವನ್ನು ನೋಡುವ ಕಣ್ಣು ಬದಲಾಯಿತು, ಅಷ್ಟೆ. ಆದರೆ ಹಾಗೆ ಹೋಗಿಬರುವ ಅನುಕೂಲ ಎಷ್ಟು ಜನರಿಗುಂಟು?

ಹೋಗಬೇಕಾಗಿಯೂ ಇಲ್ಲ. ನಮಗೆ ಮಳೆಗಾಲವಿದೆ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮೇಳ ಮತ್ತೆ ಹೊರಡುವುದು ದೀಪಾವಳಿ ಕಳೆದು. ಅಷ್ಟು ತಿಂಗಳು ಕೆಲವರು ಗದ್ದೆಗೆ ಇಳಿಯುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿ ಮನೆ ಮನೆ ತಿರುಗುತ್ತಾರೆ, ಮಾತು ಬಲ್ಲವರಿಗೆ ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ. ಹಿರಿಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಅರ್ಥ ಹೇಳುವುದೆಂದರೆ ಆ ಕಾಲದವರಿಗೆ ಒಂದು ಪರೀಕ್ಷೆ ಬರೆದ ಹಾಗೆ. ಈ ಮಳೆಗಾಲದಲ್ಲಿ ಒಂದು ತಿಂಗಳನ್ನು ಕಲಿಕೆಗೆ ಬಿಡಿಸಬೇಕು. ಕಲಿಸಲು ನಿವೃತ್ತ ಹಾಸ್ಯಗಾರರು ಬರಲಿ. ಎಲ್ಲ ವೇಷಗಳ ನಡೆ, ಎಲ್ಲ ಪ್ರಸಂಗಗಳ ಹೊಂದಾಣಿಕೆ ಗೊತ್ತಿರುವವರು ಅವರೇ. ಜೊತೆಗೊಬ್ಬ ಮೂಳೆ ವೈದ್ಯರು. ಪ್ರಸಾಧನದವರನ್ನೂ ಬೆಳಕು ಧ್ವನಿಯ ಹುಡುಗರನ್ನೂ ಹೊರಗಿಡಬೇಡಿ. ಪ್ರಮಾಣಪತ್ರದ ಗೊಡವೆ ಬೇಡ.

ತೊಡಕಿರುವುದು ಹಣದಲ್ಲಿ. ಶಿಬಿರಕ್ಕೆ ಬಂದವನಿಗೆ ಊಟ, ಶಾಲು, ಸ್ಮರಣಿಕೆ ಕೊಡುತ್ತೇವೆ. ಆ ತಿಂಗಳು ಅವನು ಕಳೆದುಕೊಂಡ ಚಿಕ್ಕಮೇಳದ ಗಳಿಕೆಯನ್ನು ತುಂಬಿಕೊಡುವುದಿಲ್ಲ. ಯಕ್ಷಗಾನ ಅಕಾಡೆಮಿ ಕೊಡಲಿ ಎಂದು ಕೈಕಟ್ಟಿ ಕೂತರೆ ಒಂದು ತಲೆಮಾರು ದಾಟೀತು. ಮೇಳಗಳ ಯಜಮಾನರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಬರುವ ತಿರುಗಾಟಕ್ಕೆ ಕಲಾವಿದರೊಡನೆ ಮಾತು ಮುಗಿಸುವಾಗ ಆಟದ ಸಂಬಳದ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಮಳೆಗಾಲದ ಆಟಿಯ ಒಂದು ತಿಂಗಳು ಕಲಿಕೆ, ಸಂಬಳ ಸಹಿತ.