ಗಣಿಯ ವಿಷನೀರನ್ನು ತಿಳಿಗೊಳಿಸುವ ಜೀವಾಣುಗಳು

ಶಕ್ತಿನಗರದ ಸುತ್ತಿನ ರೈತಬಾಂಧವರೇ,

ಮಳೆಯಿಲ್ಲದೆ ಬಾಡಿದ ಎಳೆಜೋಳ ಮೇಯ್ದ ದನ ಏದುಸಿರು ಬಿಟ್ಟು ಉರುಳುವುದನ್ನು ನೀವು ಬಲ್ಲಿರಿ. ಆ ವಿಷ ಸಯನೈಡಿನ ಜಾತಿಯದು. ನಮ್ಮ ಜಿಲ್ಲೆಯ ಹಟ್ಟಿ ಗಣಿಯಲ್ಲಿ ಅರೆದ ಕಲ್ಲಿನಿಂದ ಚಿನ್ನವನ್ನು ಕರಗಿಸಿ ತೆಗೆಯುವುದೂ ಸಯನೈಡಿನಿಂದಲೇ. ಚಿನ್ನ ತೆಗೆದರೂ ನೀರಿನಲ್ಲಿ ವಿಷದ ಅಂಶ ಉಳಿಯುತ್ತದೆ.

ಅಮೆರಿಕದ ಚಳಿಸೀಮೆಯ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಲ್ಲಿ ಇಂಥ ನೀರನ್ನು ಜೀವಾಣುಗಳಿಗೆ ಒಪ್ಪಿಸಿದರು. ನೀರಿನಲ್ಲಿ ಅರೆಮುಳುಗಿ ತಿರುಗುವ ಚಕ್ರಗಳಿಗೆ ಲೋಳೆಯಂತೆ ಅಂಟಿದ ಈ ಜೀವಾಣುಗಳು ಸಯನೈಡನ್ನು ಒಡೆದು ಅಮೋನಿಯ ಮಾಡುತ್ತವೆ. ಬೇರೆ ಜೀವಾಣುಗಳು ಅದನ್ನು ನೈಟ್ರೇಟು ಮಾಡುತ್ತವೆ. ಈ ಎರಡನೆಯ ಕೆಲಸ ನಿಮ್ಮ ಹೊಲದ ಮಣ್ಣಿನಲ್ಲಿಯೂ ನಡೆದೇ ಇದೆ! ಚಳಿಯಲ್ಲಿ ಅವು ಮಂದವಾಗುತ್ತವೆ, ನಮ್ಮ ಬಿಸಿಲು ಅವಕ್ಕೆ ಹಿತ.

ಆದರೂ ಗಣಿಯ ಕೆಸರುಕಟ್ಟೆಯ ನೀರು ಕಣ್ಣಿಗೆ ತಿಳಿಯಾಗಿದ್ದರೂ, ಪರೀಕ್ಷೆಯಾಗದೆ ದನಗಳಿಗೆ ಕುಡಿಸಬೇಡಿರಿ.