ಕೇಳಿಕೊಂಡು ಹೋಗುವವರು ಬೇಕು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



"ಅಣ್ಣಾ, ಹುಚ್ಚರ ದವಾಖಾನ್ಯಾಗ ನಿಂದೇನು ಕೆಲಸ?" ಅಂತ ಓಣಿಯಲ್ಲಿ ಭಾಳ ಮಂದಿ ಕೇಳ್ತಾರೆ. ಇವತ್ತು ಅದನ್ನೇ ಹೇಳ್ತೀನಿ. ನಾನು ಔಷಧ ಕೊಡುವ ಡಾಕ್ಟರ್ ಅಲ್ಲ, ಮನಶ್ಶಾಸ್ತ್ರಜ್ಞ. ಪೊಲೀಸ್ ಕೇಸ್ ಇರುವ ಕೆಲವರನ್ನು ಕೋರ್ಟು ನಮ್ಮಲ್ಲಿಗೆ ಕಳಿಸ್ತದೆ. ಅವರ ಜೊತೆ ದಿನಗಟ್ಟಲೆ ಕೂತು ಮಾತಾಡಬೇಕು. ನಿದ್ದೆ, ನೆನಪು, ಭಯ ಎಲ್ಲಾ ನೋಡಿ, ಪರೀಕ್ಷೆ ಮಾಡಿ ಬರೆದುಕೊಡಬೇಕು. ಅದನ್ನೂ ನೋಡಿ ಮನೋವೈದ್ಯರು ಕೋರ್ಟಿಗೆ ವರದಿ ಕೊಡ್ತಾರೆ.

ಕೋರ್ಟು ಮುಖ್ಯವಾಗಿ ಎರಡು ಮಾತು ಕೇಳ್ತದೆ. ಒಂದು, ಆ ಕೃತ್ಯ ನಡೆದಾಗ ತಾನು ಮಾಡೋದು ಏನು, ಅದು ತಪ್ಪು ಅನ್ನೋದು ಇವನಿಗೆ ತಿಳಿಯುವ ಸ್ಥಿತಿ ಇತ್ತೇ? ಹಳೆಯ ದಂಡಸಂಹಿತೆಯ 84ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಇದನ್ನೇ ಹೇಳ್ತದೆ. ಎರಡು, ಇವತ್ತು ಅವನಿಗೆ ಕೇಸು ತಿಳೀತದೇ, ವಕೀಲರಿಗೆ ತನ್ನ ಮಾತು ಹೇಳಬಲ್ಲನೇ? ಆಗದಿದ್ದರೆ ವಿಚಾರಣೆ ಮುಂದಕ್ಕೆ ಹೋಗ್ತದೆ.

ಒಮ್ಮೆ ನಮ್ಮ ಗಡಿಭಾಗದ ಕನ್ನಡದವನೊಬ್ಬ ಬಂದಿದ್ದ. ಮರಾಠಿಯಲ್ಲಿ ಏನು ಕೇಳಿದರೂ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದ. 'ಸಹಕರಿಸುವುದಿಲ್ಲ' ಅಂತ ಕಾಗದದಲ್ಲಿ ಬರೆದಾಗಿತ್ತು. ನಾನು "ಊಟ ಆತೇನಪ್ಪಾ?" ಅಂದೆ. ಮುಖ ಎತ್ತಿ, "ನೀವು ನಮ್ಮ ಕಡೆಯವರೇನ್ರೀ?" ಅಂದ. ಆಮೇಲೆ ಒಂದು ತಾಸು ಮಾತಾಡಿದ. ರೋಗ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಆ ಮೌನ ಮಾತ್ರ ರೋಗದ್ದಲ್ಲ, ಭಾಷೆಯದು. ಮನೆಯವರು ಬರ್ತಾರೇನು ಅಂತ ಕೇಳಿದೆ. ಮತ್ತೆ ತಲೆ ತಗ್ಗಿಸಿದ.

ಯಾರೂ ಬರದಿದ್ದರೆ ಏನಾಗ್ತದೆ? ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಆದಿವಾಸಿಯನ್ನು 1951ರಲ್ಲಿ ಬಂಧಿಸಿ, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ 'ಗುಣವಾಗಿದ್ದಾನೆ' ಅಂತ ಡಾಕ್ಟರರು ಬರೆದರು. ಆದರೂ ಮನೆಗೆ ಬಿಡಲಿಲ್ಲ, ಜೈಲಿಗೆ ಸಾಗಿಸಿದರು. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ಒಂದು ರೂಪಾಯಿಯ ಬಾಂಡಿನ ಮೇಲೆ ಹೊರಗೆ ಬಂದರು. 54 ವರ್ಷ! ಅಷ್ಟೂ ವರ್ಷ ಬಾಗಿಲಿಗೆ ಬಂದು, "ನಮ್ಮ ಮನುಷ್ಯ ಎಲ್ಲಿ?" ಅಂತ ಪಟ್ಟು ಹಿಡಿದು ಕೇಳುವವರು ಇರಲಿಲ್ಲ.

ನಮ್ಮ ಮಂದಿ ಯಾಕೆ ಬರೋದಿಲ್ಲ ಅಂತ ನನಗೆ ಗೊತ್ತು. ನಮ್ಮ ಕಡೆಯವರಿಗೆ ದೊಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆ ಅಂದರೆ ಪುಣೆಯ ಯರವಡಾ. ಹೋಗಿ ಬರಲು ಎರಡು ದಿನದ ಕೂಲಿ ಹೋಗ್ತದೆ. ಮೇಲೆ ನಾಚಿಕೆ ಬೇರೆ. ಮೊದಲೇ ಜಾತಿಯ ಹೆಸರು ಹಿಡಿದು ಜರಿಯುತ್ತಾರೆ, ಇನ್ನು 'ಹುಚ್ಚನ ಮನೆ' ಅಂತ ಹೆಸರು ಯಾಕೆ ಅನ್ನುವ ಅಂಜಿಕೆ.

ಕಾಯ್ದೆ ಇಲ್ಲಿ ಒಂದು ಬಾಗಿಲು ತೆರೆದಿದೆ. ವಿಚಾರಣೆ ಎದುರಿಸಲು ಆಗದವನಿಗೆ ಆಸ್ಪತ್ರೆಯಲ್ಲೇ ಇರುವ ಅಗತ್ಯ ಇಲ್ಲದಿದ್ದರೆ, ಜಾಮೀನು ಸಿಗದಂಥ ಕೇಸಾದರೂ ಕೋರ್ಟು ಬಿಡಬಹುದು. ಆದರೆ ಚಿಕಿತ್ಸೆ ಕೊಡಿಸ್ತೀನಿ, ಅವನಿಂದ ಯಾರಿಗೂ ಅಪಾಯ ಆಗದಂತೆ ನೋಡಿಕೊಳ್ತೀನಿ ಅಂತ ಒಬ್ಬರು ಒಪ್ಪಿಕೊಳ್ಳಬೇಕು. ಯಾರು? 'ಸಂಬಂಧಿಕ ಅಥವಾ ಸ್ನೇಹಿತ' ಅಂತ ಕಾಯ್ದೆಯಲ್ಲೇ ಇದೆ. ಆ ಸ್ನೇಹಿತ ಈ ಸಂಘದವನು ಯಾಕೆ ಆಗಬಾರದು?

ವಕೀಲರಿಗೆ ರೊಕ್ಕ ಇಲ್ಲ ಅನ್ನಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿಯವರಿಗೆ, ಬಂಧನದಲ್ಲಿ ಇರುವವರಿಗೆ ಪುಕ್ಕಟೆ ವಕೀಲರ ಹಕ್ಕಿದೆ. ಸೋಲಾಪುರದ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟು ಮಾತು ತಪ್ಪುತ್ತಿದ್ದರೆ, ಕೇಸು ಆಗುವ ತನಕ ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಪುಕ್ಕಟೆ.

ಸಂಘಕ್ಕೆ ನನ್ನ ಬೇಡಿಕೆ ಒಂದೇ. ನಮ್ಮ ವಸ್ತಿಯಿಂದ ಯಾರನ್ನಾದರೂ ಒಳಗೆ ಕಳಿಸಿದರೆ ಇಬ್ಬರು ಹುಡುಗರು ಕೇಳಿಕೊಂಡು ಹೋಗಲಿ. ಹೋಗುವಾಗ ಕೇಸ್ ನಂಬರ್ ಬರೆದುಕೊಂಡು ಹೋಗಿ. ಒಳಗಿರುವವನ ಜೊತೆ ಕನ್ನಡದಲ್ಲಿ ಮಾತಾಡಿ.

ಜೈ ಭೀಮ್, ಜೈ ಭಾರತ್.