ರಕ್ಷಣೆ ಮತ್ತು ನಮ್ಮ ಲೆಕ್ಕದ ಪುಸ್ತಕ

(ತುಮಕೂರಿನಲ್ಲಿ ನಡೆದ ತಪಸ್ಸುಕಾಲದ ಸಭೆಯಲ್ಲಿ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕಿನ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



 ನಿಮ್ಮಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಜಾಸ್ತಿ. ಆದರೂ ಇವತ್ತು ನಮ್ಮ ಧರ್ಮದ ಒಂದು ಮಾತು ಹಿಡಿದುಕೊಂಡೇ ಮಾತಾಡ್ತೀನಿ. ಕಳೆದ ಸಲ ನಿಮ್ಮಲ್ಲೊಬ್ಬರು ಕೇಳಿದ್ದರು: "ಸಿಸ್ಟರ್, ರಕ್ಷಣೆ ರಕ್ಷಣೆ ಅಂತೀರಲ್ಲ, ಅದು ಒಬ್ಬೊಬ್ಬರಿಗೆ ಸಿಗೋದಾದರೆ ಊರಿಗೆ ಏನು ಬಂತು?" ಆವತ್ತು ಏನೋ ಹೇಳಿ ತೇಲಿಸಿಬಿಟ್ಟೆ.

ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಜಕ್ಕಾಯ ಬರುತ್ತಾನೆ. ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಆಳು ಕುಳ್ಳ. ಯೇಸುಸ್ವಾಮಿಯನ್ನು ನೋಡಬೇಕೆಂದು ಮರ ಹತ್ತಿದ. ಸ್ವಾಮಿ ಅವನನ್ನು ಕೆಳಗೆ ಕರೆದು ಅವನ ಮನೆಗೇ ಹೋದರು. ಉಪವಾಸ ಮಾಡು, ಪ್ರಾಯಶ್ಚಿತ್ತ ಮಾಡು ಅಂತ ಏನೂ ಹೇಳಲಿಲ್ಲ. ಅವನೇ ಎದ್ದು ನಿಂತು ಲೆಕ್ಕ ಒಪ್ಪಿಸಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ಸು. ಆಮೇಲೆ ಸ್ವಾಮಿ ರಕ್ಷಣೆಯ ಮಾತೆತ್ತಿದರು. ಅದೂ ಆ ಮನುಷ್ಯನಿಗೆ ಅಂತಲ್ಲ, ಆ ಮನೆಗೆ ಬಂತು ಅಂತ. ಜೆರಿಕೋದಲ್ಲಿ ಆವತ್ತು ಎಷ್ಟು ಬಡವರ ಮನೆಯಲ್ಲಿ ಒಲೆ ಹೊತ್ತಿರಬೇಡ! ಇದು ಶುಭಸಂದೇಶದಲ್ಲಿಲ್ಲ, ನನ್ನ ಊಹೆ. ದೇವರು ಜನರನ್ನು ಬಿಡಿಬಿಡಿಯಾಗಿ ಅಲ್ಲ, ಒಂದು ಜನಾಂಗವಾಗಿ ಸೇರಿಸಿ ರಕ್ಷಿಸಲು ಬಯಸುತ್ತಾರೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಸಿದ್ಧಗಂಗೆಯ ದಾಸೋಹ ಕಂಡ ಜಿಲ್ಲೆಯವರು ನೀವು. ಭಕ್ತಿ ಬೇರೆ ಅನ್ನ ಬೇರೆ ಅಲ್ಲ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಗುಬ್ಬಿಯವರಿಗೆ ಒಂದು ವಿಷಯ. 1830ರ ದಶಕದ ಕೊನೆಗೆ ನಿಮ್ಮ ಊರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆಸಿದರು. ನಮ್ಮ ಕಥೋಲಿಕರಲ್ಲ, ಪ್ರಾಟೆಸ್ಟಂಟರು. 1839ರಲ್ಲಿ ಬಂದ ವಿಲಿಯಂ ಆರ್ಥರ್‌ಗೆ ಆಗ ವಯಸ್ಸು 20. ಆರೋಗ್ಯ ಕೆಟ್ಟು 1841ರಲ್ಲಿ ವಾಪಸ್ಸಾದರು, 1847ರಲ್ಲಿ ಈ ಸೀಮೆಯ ಬಗ್ಗೆ ಪುಸ್ತಕ ಬರೆದರು. ಒಬ್ಬೊಬ್ಬರ ಮನಪರಿವರ್ತನೆಗೆ ತುಂಬಾ ಒತ್ತು ಕೊಡುವ ಪಂಥ ಅದು. ಆದರೆ ಅದರ ಬೇರು ನೋಡಿ. ಪಂಥದ ಸ್ಥಾಪಕ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. 12 ಜನಕ್ಕೊಂದು ಗುಂಪು, ವಾರಕ್ಕೆ ತಲೆಗೊಂದು ಪೆನ್ನಿ. ನಮ್ಮ ಸಂಘಗಳ ಹಾಗೇ ಅಲ್ಲವೇ? ಬಡವರು ಎಲ್ಲಿಂದ ತರುತ್ತಾರೆ ಅಂತ ಪ್ರಶ್ನೆ ಬಂದಾಗ, ಸಲಹೆ ಕೊಟ್ಟವನೇ ಹೇಳಿದನಂತೆ: ಕಡುಬಡವರಾದ 11 ಜನರನ್ನು ನನ್ನ ಗುಂಪಿಗೇ ಹಾಕಿ, ಕೊಡಲಾಗದವರ ಪಾಲು ನಾನು ಹಾಕ್ತೀನಿ. ಹಣಕ್ಕೆ ಅಂತ ಮನೆಮನೆಗೆ ಹೋದವರಿಗೆ ಒಂದು ಮನೆಯಲ್ಲಿ ಗಂಡ ಹೆಂಡಿರ ಜಗಳ ಕಂಡಿತು, ಇನ್ನೊಂದರಲ್ಲಿ ಕುಡಿತ. ಆಮೇಲೆ ವೆಸ್ಲಿ ಆ ಭೇಟಿಯನ್ನೇ ಆತ್ಮಗಳ ಆರೈಕೆಯ ದಾರಿ ಮಾಡಿಕೊಂಡರು.

ನಾನೂ ಮನೆಮನೆಗೆ ಕಳಿಸಿದವಳೇ. ಕುಣಿಗಲ್ ಕಡೆ ಕೆಲಸ ಮಾಡುವಾಗ ಒಂದು ಸಂಘದಲ್ಲಿ ಒಬ್ಬರು ಮೂರು ಕಂತು ಕಟ್ಟಲಿಲ್ಲ. ಎಂ.ಎಸ್.ಡಬ್ಲ್ಯೂ. ಓದಿದ ನಾನೇ ಹೇಳಿಕೊಟ್ಟೆ, ಎಲ್ಲರೂ ಹೋಗಿ ಅವರ ಮನೆ ಮುಂದೆ ಕೂತುಕೊಳ್ಳಿ ಅಂತ. ಕೂತರು. ಕಂತು ಬಂತು, ಕಿವಿಯ ಓಲೆ ಅಡವಿಟ್ಟು ಕಟ್ಟಿದ್ದು. ಗಂಡನಿಗೆ ಟಿ.ಬಿ. ಆಗಿದೆ ಅಂತ ನಾವ್ಯಾರೂ ಕೇಳಿಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದ ಮಗಳು ಒಳಗಿನಿಂದ ಎಲ್ಲಾ ನೋಡಿದಳಂತೆ. ಅವರು ಸಂಘ ಬಿಟ್ಟರು. ಆ ವರ್ಷದ ವರದಿಯಲ್ಲಿ ಮರುಪಾವತಿ ನೂರಕ್ಕೆ ನೂರು ಅಂತ ಹೆಮ್ಮೆಯಿಂದ ಬರೆದೆ.

ಆ ತಿಂಗಳೂ ಪಾಪನಿವೇದನೆಗೆ ಹೋಗಿದ್ದೆ. ಪ್ರಾರ್ಥನೆಯಲ್ಲಿ ತೂಕಡಿಸಿದ್ದು, ಕಾನ್ವೆಂಟಿನಲ್ಲಿ ಸಿಡುಕಿದ್ದು ಎಲ್ಲಾ ಹೇಳಿದೆ. ಇದನ್ನು ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ, ಪಾಪ ಅಂತ ಹೊಳೆಯಲೇ ಇಲ್ಲ. ನನಗದು ಡ್ಯೂಟಿ. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಒಳ್ಳೇದಾಯ್ತು, ಆ ಫೈನಾನ್ಸಿನವರಿಗೆ ಬುದ್ಧಿ ಬರಲಿ ಅಂದೆ. ರಾತ್ರಿ ಆ ಮನೆ ನೆನಪಾಯಿತು.

ಹುಡುಕಿಕೊಂಡು ಹೋದೆ. ಟೀ ಕೊಟ್ಟರು. ಕ್ಷಮೆ ಕೇಳಿದೆ. "ಬಿಡಿ ಸಿಸ್ಟರ್, ಹಳೇದು" ಅಂದರು. ಓಲೆ ಬಿಡಿಸಿಕೊಳ್ಳೋಕೆ ಆಗಲಿಲ್ಲವಂತೆ. ಸಂಘಕ್ಕೆ ಮತ್ತೆ ಬರ್ತೀರಾ ಅಂದೆ, ಏನೂ ಹೇಳಲಿಲ್ಲ. ಜಕ್ಕಾಯ ನಾಲ್ಕರಷ್ಟು ಕೊಟ್ಟ. ಬಡತನದ ವ್ರತ ತೊಟ್ಟ ನನ್ನ ಹತ್ತಿರ ಸ್ವಂತದ್ದು ಅಂತ ದುಡ್ಡಿಲ್ಲ.

ಅದಕ್ಕೇ ನಿಮ್ಮನ್ನು ಕೇಳ್ತಿದ್ದೀನಿ. ಸಂಘದ ಪುಸ್ತಕದಲ್ಲಿ ಕಂತು ತಪ್ಪಿದವರ ಹೆಸರಿನ ಮುಂದೆ ಇನ್ನೊಂದು ಕಾಲಂ ಎಳೆಯಿರಿ: ಮನೆಗೆ ಹೋಗಿ ವಿಚಾರಿಸಿದವರು ಯಾರು, ಕಾರಣ ಏನು. ಹೋಗೋದು ಇಬ್ಬರು ಮಾತ್ರ, ಗುಂಪಾಗಿ ಬೇಡ. ಕಾಯಿಲೆ ಕಸಾಲೆ ಇದ್ದರೆ ಮೂರು ಕಂತಿನವರೆಗೆ ಸಂಘದ ನಿಧಿಯಿಂದ ಹಾಕಿಕೊಳ್ಳೋಣ ಅನ್ನೋದು ನನ್ನ ಅಭಿಪ್ರಾಯ. ದುರುಪಯೋಗ ಆಗುತ್ತೆ ಅಂತ ಕೆಲವರು ಹೇಳ್ತೀರಿ. ಆಗಬಹುದು. ಊಟ ಆದ ಮೇಲೆ ತಾಲ್ಲೂಕುವಾರು ಕೂತು ತೀರ್ಮಾನ ಮಾಡಿ. ಕುಣಿಗಲ್‌ನವರ ಜೊತೆ ನಾನು ಕೂರಲ್ಲ. ನನ್ನ ಮುಂದೆ ಮಾತಾಡೋಕೆ ನಿಮಗೆ ಸಂಕೋಚ ಆಗಬಾರದು.